ಎತ್ತಿದ ಮೇಲೆ ಏನು ಮಾಡುತ್ತೀರಿ?

ಮುಳುಗಿದ ಹಡಗೊಂದು ಸಿಕ್ಕಿತೆಂಬ ಸುದ್ದಿ ಬಂದರೆ ಸಾಕು, ‘ಎತ್ತಿ ನೆರಳಲ್ಲಿ ಒಣಗಿಸಿ, ಮ್ಯೂಸಿಯಂ ಮಾಡಬಹುದಲ್ಲ?’ ಎನ್ನುವವರು ಇದ್ದೇ ಇರುತ್ತಾರೆ. ಅಂಥವರಿಗೆ ಆಲ್ವಿನ್ ಕ್ಲಾರ್ಕ್ ಹಡಗಿನ ಗತಿ ಗೊತ್ತಿರಬೇಕು.

1840ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕಟ್ಟಿದ, ಮಹಾಸರೋವರಗಳಲ್ಲಿ ಸರಕು ಹೊರುತ್ತಿದ್ದ ಹಾಯಿಹಡಗು ಅದು. 1864ರ ಜೂನ್‌ 29ರಂದು ಮರದ ದಿಮ್ಮಿ ತುಂಬಿಸಿಕೊಳ್ಳಲು ಖಾಲಿ ಹೊರಟಿತ್ತು. ಖಾಲಿ ಹಡಗಿಗೆ ತಳದಲ್ಲಿ ಭಾರವಿರದು, ಜೋರು ಗಾಳಿಗೆ ಬೇಗ ವಾಲುತ್ತದೆ. ಸರಕಿನ ಕೋಣೆಯ ಬಾಗಿಲುಗಳೂ ತೆರೆದಿದ್ದವು. ಮಿಷಿಗನ್‌ ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ ದಿಢೀರ್ ಬಿರುಗಾಳಿ ಬೀಸಿತು, ಹಡಗು ಮಗುಚಿತು. ಕ್ಯಾಪ್ಟನ್ ಮತ್ತು ಇಬ್ಬರು ನಾವಿಕರು ಸತ್ತರು.

1967ರಲ್ಲಿ ಮೀನುಗಾರರ ಬಲೆ ಸಿಕ್ಕಿಕೊಂಡಿತು. ಬಿಡಿಸಲು ಇಳಿದ ಮುಳುಗುಗಾರ ಫ್ರಾಂಕ್ ಹಾಫ್‌ಮನ್‌ಗೆ ಸುಮಾರು 33 ಮೀಟರ್ ಆಳದಲ್ಲಿ ಇಡೀ ಹಡಗೇ ಕಂಡಿತು. 1969ರಲ್ಲಿ ಎತ್ತಿ ನೀರು ಹೊರಹಾಕಿದಾಗ ತಾನಾಗಿ ತೇಲಿತು! ಮರ ತಿನ್ನುವ ಹಡಗುಹುಳಕ್ಕೆ ಉಪ್ಪುನೀರು ಬೇಕು. ತಣ್ಣನೆಯ ಸಿಹಿನೀರಿನಲ್ಲಿ ಅದು ಬದುಕದು. ಹಾಗಾಗಿಯೇ ಒಡಲು ಅಷ್ಟು ಗಟ್ಟಿಯಾಗಿ ಉಳಿದಿತ್ತು.

ಎಡವಟ್ಟು ಆದದ್ದು ಆಮೇಲೆ. ಬಡಗಿ ಹಸಿಮರವನ್ನು ನೆರಳಲ್ಲಿ ಒಣಗಿಸುತ್ತಾನೆ, ಸರಿ. ಆದರೆ ನೂರು ವರ್ಷ ಮುಳುಗಿದ್ದ ಮರ ಹಸಿಮರವಲ್ಲ. ಹಸಿಮರದಲ್ಲಿ ಕೋಶದ ಗೋಡೆ ಗಟ್ಟಿ. ನೀರು ಆರಿದರೂ ನಿಲ್ಲುತ್ತದೆ, ಹಲಗೆ ಒಂದಿಷ್ಟು ಕುಗ್ಗುತ್ತದೆ ಅಷ್ಟೆ. ಮುಳುಗಿದ ಮರದಲ್ಲಿ ಬ್ಯಾಕ್ಟೀರಿಯಾ ಆ ಗೋಡೆಯನ್ನೇ ತಿಂದಿರುತ್ತದೆ. ಆಕಾರ ಹಿಡಿದಿರುವುದು ಒಳಗಿನ ನೀರು. ನೀರು ಹೋಗುವಾಗ ಗೋಡೆಗಳನ್ನು ಒಳಕ್ಕೆ ಎಳೆದುಕೊಂಡೇ ಹೋಗುತ್ತದೆ. ಕುಸಿದದ್ದು ಮತ್ತೆ ನೆನೆಸಿದರೂ ಮೊದಲಿನಂತಾಗದು.

‘ಈ ಮರ ಗಟ್ಟಿಯಿದೆಯಲ್ಲ’ ಎಂದರೂ ನಂಬಬೇಡಿ. ಮರ ಶಿಥಿಲವಾದಷ್ಟೂ ಹೆಚ್ಚು ನೀರು ಹಿಡಿದಿರುತ್ತದೆ, ಅದನ್ನು ಅಳೆದು ನೋಡಿ: ತುಣುಕಿನ ಹಸಿ ತೂಕದಲ್ಲಿ ಒಣ ತೂಕ ಕಳೆದು, ಒಣ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಓಕ್‌ನಂಥ ಮರದಲ್ಲಿ 185ಕ್ಕಿಂತ ಕಡಿಮೆ ಬಂದರೆ ಬಹುಪಾಲು ಗಟ್ಟಿ, 400 ದಾಟಿದರೆ ತೀರಾ ಶಿಥಿಲ. ಒಂದೇ ಹಲಗೆಯ ಹೊರಪದರ ಒಂದು, ತಿರುಳು ಇನ್ನೊಂದು ಲೆಕ್ಕ ಕೊಡಬಹುದು. ಎರಡೂ ಬೇರೆ ಬೇರೆ ಅಳತೆಗೆ ಕುಗ್ಗಿದಾಗ ಹಲಗೆ ಸೀಳುತ್ತದೆ, ಸೀಳಿಗೆ ಮಳೆನೀರು ಇಳಿಯುತ್ತದೆ. ತೇವ ಶೇ. 20ರ ಮೇಲೆ ನಿಂತು ಗಾಳಿಯೂ ಸಿಕ್ಕರೆ ಶಿಲೀಂಧ್ರಕ್ಕೆ ಹಬ್ಬ.

ಮಿಷಿಗನ್‌ನ ಮೆನೊಮಿನಿ ಊರಿನಲ್ಲಿ ಬಯಲಿಗಿಟ್ಟಿದ್ದ ಕ್ಲಾರ್ಕ್‌ ಹಾಗೆಯೇ ಕೊಳೆಯಿತು. ಹಾಫ್‌ಮನ್‌ ದುಡ್ಡಿಗಾಗಿ ಪರದಾಡಿದರು, ಪಾಪ. 1994ರಲ್ಲಿ ಅದನ್ನು ಒಡೆದುಹಾಕಲಾಯಿತು.

ಸ್ವೀಡನ್ನಿನವರು 1628ರಲ್ಲಿ ಮುಳುಗಿದ್ದ ತಮ್ಮ ವಾಸಾ ಯುದ್ಧಹಡಗನ್ನು 1961ರಲ್ಲಿ ಎತ್ತಿದಾಗ, ನೀರಿನ ಜಾಗಕ್ಕೆ ಮೇಣದಂಥ ಪಾಲಿಎಥಿಲಿನ್ ಗ್ಲೈಕಾಲ್ ಸೇರಲೆಂದು 17 ವರ್ಷ ಸಿಂಪಡಿಸಿದರು. ಬಳಿಕ ನಿಧಾನಕ್ಕೆ ಒಣಗಿಸಲು ಇನ್ನೂ 9 ವರ್ಷ. ಈ ಖರ್ಚಿಗೆ ದಾರಿ ಕಾಣುವ ಮೊದಲು ಕ್ರೇನ್ ತರಿಸಬೇಡಿ.

ಹಾಗೆಂದು ತಳದಲ್ಲೇ ಬಿಟ್ಟರೆ ಕ್ಷೇಮ ಎಂದೂ ಖಾತ್ರಿ ಕೊಡಲಾಗದು. ಮಿಷಿಗನ್‌ ಸರೋವರದಲ್ಲಿ ಈಗ ಕ್ವಾಗಾ ಚಿಪ್ಪುಜೀವಿಗಳು ಹಡಗುಗಳ ಮೇಲೆ ದಪ್ಪಗೆ ಕವಿದಿವೆ, ಅವುಗಳ ಅಡಿಯಲ್ಲಿ ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿಯುತ್ತವೆ. ಅದಕ್ಕೇ ಈಗ ಮುಳುಗುಗಾರರು ಮೊದಲು ಮಾಡುವುದು ಅಳತೆ ಮತ್ತು ಫೋಟೋ.