ಬಣ್ಣದ ತಲೆಬುರುಡೆ ಫೋಟೋ ಅಲ್ಲ: ತ್ರೀಡಿ ಸಿಟಿ ಬಂದ ದಾರಿ

ಬೈಕ್ ಅಪಘಾತದಲ್ಲಿ ಮುಖಕ್ಕೆ ಪೆಟ್ಟಾದವರನ್ನು ಬೆಳಗಾವಿಯ ದೊಡ್ಡಾಸ್ಪತ್ರೆಗೆ ಕರೆತಂದರೆ, ಡಾಕ್ಟರು ಹಲವು ಸಲ ತ್ರೀಡಿ ಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ಆಮೇಲೆ ಬಣ್ಣದ ತಲೆಬುರುಡೆಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಗೋಕಾಕ, ಅಥಣಿಯ ನೆಂಟರು ಅದನ್ನು ನೋಡಿ "ಎಲುಬು ಸರಿ ಐತಲ್ಲ" ಅಂತಾರೆ. ಆದರೆ ಅದು ಫೋಟೋ ಅಲ್ಲ, ಅಂಕಿಗಳಿಂದ ಕಂಪ್ಯೂಟರ್ ಕಟ್ಟಿದ ಚಿತ್ರ.

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದರು. ಅದರಲ್ಲಿ ಹಿಂದಿನದು, ಮುಂದಿನದು ಎಲ್ಲವೂ ಒಂದೇ ಫಿಲ್ಮಿನಲ್ಲಿ ಒಂದರ ಮೇಲೊಂದು ಮೂಡುತ್ತವೆ. ತಲೆಬುರುಡೆಯೊಳಗಿನ ಮಿದುಳಂತೂ ಕಾಣುವುದೇ ಇಲ್ಲ. ಈ ತೊಡಕನ್ನು ಬಿಡಿಸಿದವರು ಬ್ರಿಟನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ತಲೆಯ ಸುತ್ತ ಬೇರೆ ಬೇರೆ ಕೋನದಿಂದ ಎಕ್ಸ್‌ರೇ ಹಾಯಿಸಿ, ಒಳಗಿನ ಒಂದೊಂದು ಬಿಂದುವಿನ ಸಾಂದ್ರತೆಯನ್ನು ಲೆಕ್ಕ ಹಾಕುವುದು ಅವರ ಉಪಾಯ. ಇದೇ ಸಿಟಿ ಸ್ಕ್ಯಾನ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಆ ಚಿತ್ರದಲ್ಲಿ ಇದ್ದದ್ದು ಅಡ್ಡ 80, ಉದ್ದ 80 ಚೌಕ ಅಷ್ಟೇ. ಇದರ ಗಣಿತವನ್ನು ಅಲನ್ ಕಾರ್ಮ್ಯಾಕ್ 1963-64ರಲ್ಲೇ ಬೇರೆಯಾಗಿ ಬಿಡಿಸಿದ್ದರು. 1979ರ ನೊಬೆಲ್ ಇಬ್ಬರಿಗೂ ಸಂದಿತು.

ಸಿಟಿಯ ಒಂದೊಂದು ಚಿತ್ರವೂ ದೇಹದ ಒಂದು ಪದರ. ಅದರ ಪ್ರತಿ ಚೌಕಕ್ಕೂ ಸಾಂದ್ರತೆ ತೋರಿಸುವ ಒಂದು ಅಂಕಿ. ನೀರಿಗೆ 0, ಗಾಳಿಗೆ -1000, ಎಲುಬಿಗೆ ನೂರಾರು. ಜೋಳದ ರೊಟ್ಟಿ ಒಟ್ಟಿದ ಹಾಗೆ ಈ ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಆಕಾರ ಬರುತ್ತದೆ, ಅಲ್ವಾ? 1987ರಲ್ಲಿ ಅಮೆರಿಕದ ಜಿಇ ಕಂಪನಿಯ ಲೊರೆನ್ಸೆನ್ ಮತ್ತು ಕ್ಲೈನ್ ಅದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದರು. ಒಂದು ಅಂಕಿಯನ್ನು ಗಡಿ ಎಂದು ಹಿಡಿದು, ಆ ಗಡಿ ಹಾದುಹೋಗುವ ಕಡೆಯೆಲ್ಲ ಮೇಲ್ಮೈ ಹೆಣೆಯುವುದು. ಮರುವರ್ಷ ಮಾರ್ಕ್ ಲೆವಾಯ್ ಗಡಿ ಹಾಕದೆ, ಅಂಕಿಗೆ ತಕ್ಕಂತೆ ಬಣ್ಣ, ಪಾರದರ್ಶಕತೆ ಕೊಟ್ಟು ಚಿತ್ರ ಮಾಡುವ ವಿಧಾನ ಪ್ರಕಟಿಸಿದರು. 1989ರ ಹೊತ್ತಿಗೆ ಸ್ಪೈರಲ್ ಸಿಟಿ ಬಂತು. ಟೇಬಲ್ ನಿಲ್ಲದೆ ಸರಿಯುವುದರಿಂದ ಒಂದೇ ಉಸಿರಿನಲ್ಲಿ ಎದೆಯ ಸ್ಕ್ಯಾನ್ ಮುಗಿಯತೊಡಗಿತು. ಈಗ ಪದರದ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ನನ್ನ ಆತಂಕ ಇರುವುದು ಆ ಗಡಿಯ ಬಗ್ಗೆಯೇ. ಕಣ್ಣುಗುಡ್ಡೆಯ ಕೆಳಗಿನ ಎಲುಬು ಬಹಳ ತೆಳು. ಅದರ ಅಂಕಿ ಅಕ್ಕಪಕ್ಕದ ಮೆತ್ತನೆಯ ಭಾಗದ ಜೊತೆ ಬೆರೆತು ಇಳಿದುಬಿಡುತ್ತದೆ. ಆಗ ಎಲುಬು ಇದ್ದ ಕಡೆ ತೂತು ಕಾಣುತ್ತದೆ. ಇನ್ನೊಂದು ಕಡೆ, ಜಾಗ ಬಿಟ್ಟು ಸರಿಯದ ಕೂದಲೆಳೆ ಬಿರುಕು ಮೇಲ್ಮೈಯಲ್ಲಿ ಮುಚ್ಚಿಹೋಗಬಹುದು. ಅದಕ್ಕೇ ರೇಡಿಯಾಲಜಿಸ್ಟ್ ರಿಪೋರ್ಟ್ ಬರೆಯುವುದು ಕಪ್ಪು-ಬಿಳಿ ಪದರಗಳನ್ನು ಓದಿ. ತ್ರೀಡಿ ಚಿತ್ರ ಜಾಸ್ತಿ ನೆರವಾಗುವುದು ಸರ್ಜನ್‌ಗೆ. ಕೆನ್ನೆ, ದವಡೆ, ಸೊಂಟದ ಎಲುಬಿನ ತುಂಡು ಎತ್ತ ತಿರುಗಿದೆ, ಪ್ಲೇಟ್ ಎಲ್ಲಿ ಕೂರಿಸಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಮತ್ತೊಮ್ಮೆ ಸ್ಕ್ಯಾನ್ ಬೇಕಿಲ್ಲ, ವಿಕಿರಣವೂ ಹೆಚ್ಚಾಗುವುದಿಲ್ಲ. ಅದೇ ಪದರಗಳಿಂದಲೇ ಅದನ್ನು ಕಟ್ಟುತ್ತಾರೆ.

ನಮ್ಮ ಕಡೆಯವರು ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಹುಬ್ಬಳ್ಳಿಗೋ ಮಿರಜಿಗೋ ಹೋಗುವುದುಂಟು. ಫಿಲ್ಮಿನ ಮೇಲೆ ಇರುವುದು ಆಯ್ದ ಕೆಲವು ಚಿತ್ರ ಮಾತ್ರ. ಹಾಗಾಗಿ ಸಿಡಿ ಕೇಳಿ ಪಡೆಯಿರಿ, ತೆಳು ಪದರಗಳನ್ನೂ ಹಾಕಿಕೊಡಲು ಹೇಳಿ. ಅವು ಕೈಯಲ್ಲಿದ್ದರೆ ಅಲ್ಲಿನ ಡಾಕ್ಟರು ತಮಗೆ ಬೇಕಾದ ಕೋನದಿಂದ ತ್ರೀಡಿ ಚಿತ್ರವನ್ನು ಹೊಸದಾಗಿ ಕಟ್ಟಿಕೊಳ್ಳಬಹುದು.