ಕರೆಂಟ್ ಇಲ್ಲದ ಕಡೆ ಟ್ರೇಲರ್: ಬ್ಯಾಟರಿ ದೊಡ್ಡದಾದರೆ ಸಾಲದು

ಟ್ರಾವೆಲ್ ಟ್ರೇಲರ್ ಅಂದರೆ ಜೀಪಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ. ಕರೆಂಟ್ ಪಾಯಿಂಟ್ ಇಲ್ಲದ ಜಾಗದಲ್ಲಿ ಅದನ್ನು ನಿಲ್ಲಿಸಿ ಎರಡು ಮೂರು ದಿನ ಇದ್ದರೆ ಅದೇ ಡ್ರೈ ಕ್ಯಾಂಪಿಂಗ್. ಆಲಮಟ್ಟಿ ಹಿನ್ನೀರಿನ ದಂಡೆ, ಬನಶಂಕರಿ ಜಾತ್ರೆ ಹೊತ್ತಿಗೆ ಬಾದಾಮಿ ಹೊರಗಿನ ಒಂದು ಖಾಲಿ ಹೊಲ, ಇಂಥ ಜಾಗ ನಮ್ಮ ಕಡೆ ಬೇಕಾದಷ್ಟಿವೆ. ಎಲೆಕ್ಟ್ರಿಕಲ್ ಓದುತ್ತಿರುವ ನಮಗೆ ಇದು ಒಳ್ಳೆ ಲೆಕ್ಕ. ಓಮ್ ನಿಯಮ, ವ್ಯಾಟ್ ಲೆಕ್ಕ ಬಂದರೆ ಮುಗಿಯಿತು.

ಯಾರನ್ನು ಕೇಳಿದರೂ ಮೊದಲು ಹೇಳುವುದು ‘ದೊಡ್ಡ ಬ್ಯಾಟರಿ ಹಾಕಿಬಿಡ್ರಿ’ ಅಂತ. ಆದರೆ ತುಂಬುವ ದಾರಿ ಹಳೆಯದೇ ಇದ್ದರೆ ದೊಡ್ಡ ಬ್ಯಾಟರಿ ಅರ್ಧ ಖಾಲಿಯಾಗಿಯೇ ತಿರುಗಾಡುತ್ತದೆ.

ದಿನಕ್ಕೆ ಎಷ್ಟು ಬೇಕು?

12 ವೋಲ್ಟಿನ ಕಂಪ್ರೆಸರ್ ಫ್ರಿಜ್ 45 ವ್ಯಾಟ್ ಅಂದುಕೊಳ್ಳಿ. ವಿಜಯಪುರದ ಬೇಸಿಗೆಯಲ್ಲಿ ಅದು ದಿನದ ಶೇ. 60ರಷ್ಟು ಹೊತ್ತು ಓಡುತ್ತದೆ ಎಂದು ಹಿಡಿದರೆ ಸುಮಾರು 650 ವ್ಯಾಟ್-ಅವರ್ (ವ್ಯಾಟನ್ನು ತಾಸಿನಿಂದ ಗುಣಿಸಿದ್ದು). 28 ವ್ಯಾಟಿನ ಫ್ಯಾನ್ ಹತ್ತು ತಾಸು, 280. ದೀಪಗಳಿಗೆ 100, ಫೋನು ಮತ್ತು ಲ್ಯಾಪ್‌ಟಾಪಿಗೆ 150, ನೀರಿನ ಪಂಪಿಗೆ 30. ಒಟ್ಟು 1,210. ಬ್ಯಾಟರಿಯ ಹನ್ನೆರಡು ವೋಲ್ಟಿನಿಂದ ಭಾಗಿಸಿ: ದಿನಕ್ಕೆ ಸುಮಾರು 100 ಆಂಪಿಯರ್-ಅವರ್ (ಆಂಪಿಯರನ್ನು ತಾಸಿನಿಂದ ಗುಣಿಸಿದ್ದು, ಬ್ಯಾಟರಿಯ ಅಳತೆ ಇದರಲ್ಲೇ).

ಮಿಕ್ಸರ್ ಬೇರೆ ತರಹದ ಗಿರಾಕಿ. ಶೇಂಗಾ ಚಟ್ನಿ ಇಲ್ಲದೆ ನಮ್ಮವರು ಊರು ಬಿಡುವುದಿಲ್ಲ, ಅಲ್ವಾ? 750 ವ್ಯಾಟಿನ ಮಿಕ್ಸರನ್ನು ಇನ್ವರ್ಟರ್ ಮೇಲೆ ಓಡಿಸಿದರೆ ಬ್ಯಾಟರಿಯಿಂದ 70 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಐದು ನಿಮಿಷ ಓಡಿಸಿದರೂ ಖರ್ಚಾಗುವುದು 6 ಆಂಪಿಯರ್-ಅವರ್ ಅಷ್ಟೇ. ಅಂದರೆ ಮಿಕ್ಸರಿನಿಂದ ಬ್ಯಾಟರಿ ಖಾಲಿಯಾಗುವುದಿಲ್ಲ. ಆದರೆ ತಂತಿ ಸಣ್ಣದಿದ್ದರೆ ಅದು ಬಿಸಿಯಾಗುತ್ತದೆ.

ಲೆಡ್ ಆಸಿಡ್ ಯಾಕೆ ಸೋಲುತ್ತದೆ?

ಮನೆಯ ಇನ್ವರ್ಟರಿಗೆ ಇಡುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎಲ್ಲರಿಗೂ ಗೊತ್ತು. ಮೇಲೆ ಸಿ20 ಎಂದು ಬರೆದಿರುತ್ತದೆ. 7.5 ಆಂಪಿಯರಿನಂತೆ 20 ತಾಸು ಕೊಟ್ಟಾಗ ಮಾತ್ರ ಆ 150 ನಿಜ. ಒಮ್ಮೆಲೇ 70 ಎಳೆದರೆ ಅಷ್ಟು ಸಿಗುವುದಿಲ್ಲ. ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ತೂಕ 50 ಕಿಲೋಗಿಂತ ಮೇಲೆ, ಚಾರ್ಜಾಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ಮಲಗುವ ಕೋಣೆಯೊಳಗೆ ಇಡುವ ಸಾಮಾನಲ್ಲ.

ನಿಜವಾದ ತೊಂದರೆ ತುಂಬಿಸುವುದರಲ್ಲಿದೆ. ಲೆಡ್ ಬ್ಯಾಟರಿ ತುಂಬುವುದು ಜೋಳದ ಚೀಲ ತುಂಬಿದಂತೆ: ಮೊದಲು ಬಡಬಡ ಒಳಗೆ ಹೋಗುತ್ತದೆ, ಕೊನೆಗೆ ಕುಲುಕಿ ಕುಲುಕಿ ತುಂಬಬೇಕು. ಶೇ. 80 ದಾಟಿದ ಮೇಲೆ ಅದು ತೆಗೆದುಕೊಳ್ಳುವ ಕರೆಂಟ್ ತಾನಾಗಿಯೇ ಇಳಿಯುತ್ತದೆ. ಉಳಿದ ಶೇ. 20ಕ್ಕೆ ನಾಲ್ಕು ತಾಸು, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಹೊಲದಲ್ಲಿ ನಿಂತ ಟ್ರೇಲರಿಗೆ ಅಷ್ಟು ಹೊತ್ತು ಚಾರ್ಜ್ ಎಲ್ಲಿಂದ ಬರಬೇಕು? ಪೂರ್ತಿ ತುಂಬದೆ ಉಳಿದ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಬ್ಯಾಟರಿ ಸಾಯುವುದು ಹೀಗೆ.

ಲಿಥಿಯಂ ಐರನ್ ಫಾಸ್ಫೇಟಿಗೆ ಈ ರಗಳೆ ಇಲ್ಲ. ಬಹುತೇಕ ತುಂಬುವವರೆಗೂ ಪೂರ್ತಿ ಕರೆಂಟ್ ತೆಗೆದುಕೊಳ್ಳುತ್ತದೆ, ಅರ್ಧಕ್ಕೇ ಬಿಟ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಶೇ. 80ರಷ್ಟು ಆರಾಮಾಗಿ ಬಳಸಬಹುದು. ನಮ್ಮ ಲೆಕ್ಕಕ್ಕೆ ಸುಮಾರು 125 ಆಂಪಿಯರ್-ಅವರ್ ಸಾಕು. ಒಂದು ಮೋಡದ ದಿನ ತಡೆಯಬೇಕೆಂದರೆ 200 ಹಾಕಿ. ಒಂದು ಎಚ್ಚರಿಕೆ: ವೋಲ್ಟ್ ಮೀಟರ್ ನೋಡಿ ಇದರ ಹೊಟ್ಟೆ ಅಳೆಯಲು ಬರುವುದಿಲ್ಲ. ಶೇ. 40ಕ್ಕೂ 80ಕ್ಕೂ 13.2, 13.3ರ ಆಸುಪಾಸೇ ತೋರಿಸುತ್ತದೆ. ಶಂಟ್ (ಒಳಗೆ ಹೊರಗೆ ಹರಿಯುವ ಕರೆಂಟ್ ಅಳೆಯಲು ಇಡುವ ಪುಟ್ಟ ಪ್ರತಿರೋಧ) ಇರುವ ಬ್ಯಾಟರಿ ಮಾನಿಟರ್ ಬೇಕು.

ಗಾಡಿಯಿಂದ ಬರುವ ತಂತಿ

ಪರೀಕ್ಷೆಗೆ ಬರಲಿ ಬಿಡಲಿ, ಈ ಭಾಗವನ್ನು ಪೆನ್ನು ಹಿಡಿದು ಮಾಡಿ.

ಜೀಪಿನ ಎಂಜಿನ್ ತಿರುಗಿಸಿ ಕರೆಂಟ್ ಮಾಡುವ ಆಲ್ಟರ್ನೇಟರ್ 14.2 ವೋಲ್ಟ್ ಕೊಡುತ್ತಿದೆ. ಅಲ್ಲಿಂದ ಟ್ರೇಲರ್ ಬ್ಯಾಟರಿಗೆ 8 ಮೀಟರ್, ಹೋಗಿ ಬಂದು 16. ತಂತಿ 2.5 ಚದರ ಮಿ.ಮೀ. ತಾಮ್ರ, ಮೀಟರಿಗೆ ಸುಮಾರು 7.4 ಮಿಲಿಓಮ್. ಒಟ್ಟು 0.118 ಓಮ್. ಲಿಥಿಯಂ ಬ್ಯಾಟರಿ 13.3ರಲ್ಲಿ ನಿಂತಿದ್ದರೆ ತಳ್ಳಲು ಉಳಿದದ್ದು 0.9 ವೋಲ್ಟ್ ಮಾತ್ರ. 0.9 ಭಾಗಿಸು 0.118, ಬಂದದ್ದು ಏಳೂವರೆ ಆಂಪಿಯರ್. ವಿಜಯಪುರದಿಂದ ಬಾದಾಮಿಗೆ ಟ್ರೇಲರ್ ಎಳೆಯುತ್ತಾ ಮೂರು ತಾಸು ಹೋದರೆ 22 ಆಂಪಿಯರ್-ಅವರ್ ತುಂಬಿತು. ಒಂದು ದಿನದ ಖರ್ಚಿನ ಕಾಲು ಭಾಗವೂ ಇಲ್ಲ.

16 ಚದರ ಮಿ.ಮೀ. ತಂತಿ ಎಳೆದು ಟ್ರೇಲರ್ ತುದಿಯಲ್ಲಿ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಕೂರಿಸಿ. ತಂತಿಯಲ್ಲಿ ಹೋಗುವುದು ಒಂದು ವೋಲ್ಟಿಗಿಂತ ಕಡಿಮೆ. ಹೋದದ್ದನ್ನು ಚಾರ್ಜರ್ ಮೇಲೆತ್ತಿ 14.4 ಕೊಡುತ್ತದೆ. ಅದೇ ದಾರಿ, ಅದೇ ಮೂರು ತಾಸು, 90 ಆಂಪಿಯರ್-ಅವರ್!

ಹಾಗಾದರೆ ಚಾರ್ಜರ್ ಬಿಟ್ಟು ದಪ್ಪ ತಂತಿ ಮಾತ್ರ ಎಳೆದರೆ? ಬೇಡ. ಲಿಥಿಯಮ್ಮಿನ ಒಳ ಪ್ರತಿರೋಧ ತೀರಾ ಕಡಿಮೆ. ಸಿಕ್ಕಷ್ಟು ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ. ನಡುವೆ ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಪಾಡುವ ಒಳಗಿನ ಸರ್ಕ್ಯೂಟ್) ಪಟ್ಟನೆ ಸಂಪರ್ಕ ಕಡಿದರೆ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡ್ ಸುಡಬಹುದು.

ಜನರೇಟರ್, ಸೋಲಾರ್

ಹಳೆ ಟ್ರೇಲರಿನ 230 ವೋಲ್ಟ್ ಚಾರ್ಜರ್ 13.6ಕ್ಕೇ ನಿಲ್ಲುವಂಥದ್ದಾಗಿದ್ದರೆ ಬದಲಿಸಿ, ಲಿಥಿಯಂ ಸೆಟ್ಟಿಂಗ್ ಇರುವುದನ್ನೇ ತನ್ನಿ. 40 ಆಂಪಿಯರಿನದು ಗೋಡೆಯಿಂದ ಸುಮಾರು 680 ವ್ಯಾಟ್ ಎಳೆಯುತ್ತದೆ. 1 ಕೆವಿಎ ಜನರೇಟರ್ ಸಾಕಲ್ಲ ಅನಿಸುತ್ತದೆ. ಆದರೆ ಚಾರ್ಜರಿನ ಪವರ್ ಫ್ಯಾಕ್ಟರ್ (ಎಳೆದ ವೋಲ್ಟ್-ಆಂಪಿಯರಿನಲ್ಲಿ, ಅಂದರೆ ವಿಎಯಲ್ಲಿ, ನಿಜವಾಗಿ ವ್ಯಾಟ್ ಆಗುವ ಪಾಲು) 0.65 ಇದ್ದರೆ ಅದು ಸುಮಾರು 1,046 ವಿಎ ಆಯಿತು, ಜನರೇಟರ್ ಕೆಮ್ಮತೊಡಗುತ್ತದೆ. ಪವರ್ ಫ್ಯಾಕ್ಟರ್ ತಿದ್ದುಪಡಿ ಇರುವ ಚಾರ್ಜರ್ ಕೇಳಿ ತನ್ನಿ.

ಸೋಲಾರಿಗೆ ನಮ್ಮ ಬಯಲುಸೀಮೆ ಹೇಳಿ ಮಾಡಿಸಿದ್ದು. 400 ವ್ಯಾಟ್ ಪ್ಯಾನೆಲ್, ಐದು ತಾಸಿನ ಪೂರ್ತಿ ಬಿಸಿಲು, ಎಲ್ಲ ನಷ್ಟ ಕಳೆದು ಮುಕ್ಕಾಲು ಭಾಗ: 1,500 ವ್ಯಾಟ್-ಅವರ್. ದಿನದ ಖರ್ಚು ತೀರಿ ಸ್ವಲ್ಪ ಉಳಿಯುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಶೇ. 15ರಷ್ಟು ಅಲ್ಲೇ ಹೋಯಿತು. ಚಾವಣಿಗೆ ಅಂಟಿಸದೆ ಕೆಳಗೆ ಗಾಳಿಯಾಡಲು ಜಾಗ ಬಿಡಿ. ಜೂನ್, ಜುಲೈನಲ್ಲಿ ಖಾನಾಪುರ, ಜಾಂಬೋಟಿ ಕಡೆ ಹೊರಟರೆ ಈ ಲೆಕ್ಕ ಮರೆತುಬಿಡಿ. ಮಳೆಮೋಡ, ಮೇಲೆ ಕಾಡಿನ ನೆರಳು. ಅಲ್ಲಿ ನಂಬಬೇಕಾದದ್ದು ಡಿಸಿ-ಡಿಸಿ ಚಾರ್ಜರನ್ನೇ.

ಬೇಸಿಗೆಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಿಸುವ ಆಸೆಯಾಗುತ್ತದೆ. ಆಗ ಚಾವಣಿಯ ಪ್ಯಾನೆಲ್ ಸುಮ್ನೆ ಕೂತಿರುತ್ತದೆ. ಮಡಚುವ ಪ್ಯಾನೆಲ್ ಒಂದನ್ನು ಉದ್ದ ತಂತಿಯೊಂದಿಗೆ ಬಿಸಿಲಿಗಿಟ್ಟರೆ ಇಬ್ಬರಿಗೂ ಸುಖ. ಬಿಸಿಲಿಗಿಡುವ ಪ್ಯಾನೆಲ್ ಎರಡಿದ್ದರೆ ಸೀರೀಸಿನಲ್ಲಿ ಜೋಡಿಸಿ ಎಂಪಿಪಿಟಿ ಕಂಟ್ರೋಲರಿಗೆ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ವ್ಯಾಟ್ ತೆಗೆದು ಬ್ಯಾಟರಿಗೆ ಕೊಡುವ ಸಾಧನ) ಕೊಡಿ. ವೋಲ್ಟೇಜ್ ಏರಿದಾಗ ಕರೆಂಟ್ ಇಳಿಯುತ್ತದೆ, ಉದ್ದ ತಂತಿಯ ನಷ್ಟವೂ ಇಳಿಯುತ್ತದೆ.

ಉಳಿದದ್ದು

ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಹುದು, ಅದಕ್ಕೆ ಅಷ್ಟು ದೊಡ್ಡ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸೇ ಸರಿ. ಮನೆಯ ಎಸಿ ಎಂಸಿಬಿಯನ್ನು ಡಿಸಿಗೆ ಹಾಕಬೇಡಿ, ಡಿಸಿಯ ಕಿಡಿ ಅದರಲ್ಲಿ ಆರುವುದಿಲ್ಲ. ತಂತಿಯ ತುದಿಗೆ ಹಾಕುವ ಲಗ್‌ಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸದೆ ಹೈಡ್ರಾಲಿಕ್ ಕ್ರಿಂಪಿಂಗ್ ಮಾಡಿಸಿ. ಕಬ್ಬಿನ ಟ್ರ್ಯಾಕ್ಟರಿಗೆ ಊರು ನಡುಗಿಸುವ ಸೌಂಡ್ ಸಿಸ್ಟಂ ಕೂರಿಸುವ ಹುಡುಗರ ಹತ್ತಿರ ದಪ್ಪ ತಂತಿಯ ಕೈ ಚೆನ್ನಾಗಿ ಕುದುರಿರುತ್ತದೆ. ಕೇಳಿ ನೋಡಿ. ಎಲ್ಲ ಮುಗಿದ ಮೇಲೆ ಮಿಕ್ಸರ್ ಓಡಿಸಿ ಪ್ರತಿ ಜೋಡಣೆಯ ಎರಡು ಬದಿಗೂ ಮಲ್ಟಿಮೀಟರ್ ಇಡಿ. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿ.