ಸಿ ಭಾಷೆಯನ್ನು ಕೈಬಿಟ್ಟು ಎಲ್ಲವನ್ನೂ ರಸ್ಟ್‌ನಲ್ಲಿ ಬರೆಯಬೇಕೇ?

ಪ್ರಶ್ನೆ: ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳು ಸುರಕ್ಷಿತವಲ್ಲವೆಂದು ಅಮೆರಿಕದ ಸರ್ಕಾರವೇ ಹೇಳಿದೆಯಂತೆ. ಹಾಗಾದರೆ ಹಳೆಯದನ್ನೆಲ್ಲ ರಸ್ಟ್ ಎಂಬ ಹೊಸ ಭಾಷೆಯಲ್ಲಿ ಮತ್ತೆ ಬರೆಯಬೇಕೇ? ಸರಿಯಾಗಿ ಬರೆಯಬಲ್ಲವರಿಗೆ ಸಿ ಸಾಕಲ್ಲವೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಪದೇ ಪದೇ ಬರುತ್ತಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಬರೆಯುವ ಕೋಡಿಗೆ, ಬೇರೆ ದಾರಿ ಇರುವಲ್ಲೆಲ್ಲ, ಈ ಎರಡು ಭಾಷೆಗಳನ್ನು ಆರಿಸಬಾರದು. ಈಗಾಗಲೇ ಓಡುತ್ತಿರುವ ಕೋಟ್ಯಂತರ ಸಾಲುಗಳನ್ನು ಒಮ್ಮೆಗೇ ಕಿತ್ತೆಸೆಯುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2022ರ ನವೆಂಬರ್‌ನಲ್ಲಿ ಮತ್ತು ಶ್ವೇತಭವನದ ಸೈಬರ್ ಕಚೇರಿ 2024ರ ಫೆಬ್ರುವರಿಯಲ್ಲಿ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಯಾರೂ ಸಿ ಭಾಷೆಯನ್ನು ನಿಷೇಧಿಸಿಲ್ಲ. ಆದರೆ ಪ್ರಶ್ನೆಯ ಕೊನೆಯ ವಾಕ್ಯದಲ್ಲಿ ಅಡಗಿರುವ ನಂಬಿಕೆಯೊಂದಿದೆ. ಎಷ್ಟು ಬಾರಿ ಉತ್ತರಿಸಿದರೂ ಅದು ಸಾಯುವುದಿಲ್ಲವಾದ್ದರಿಂದ, ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ದೋಷದ ಸ್ವರೂಪ. ಹತ್ತು ಅಕ್ಷರ ಹಿಡಿಸುವ ಅರೇಯಲ್ಲಿ, ಅಂದರೆ ಮೆಮೊರಿಯಲ್ಲಿ ಸಾಲಾಗಿ ಕಾದಿರಿಸಿದ ಜಾಗದಲ್ಲಿ, ಹನ್ನೊಂದನೆಯದನ್ನು ಬರೆಯಲು ಹೊರಟರೆ ಪೈಥಾನ್, ಜಾವಾ, ರಸ್ಟ್ ಮೂರೂ ತಡೆಯುತ್ತವೆ. ಸಿ ತಡೆಯುವುದಿಲ್ಲ, ಆ ಅಕ್ಷರ ಪಕ್ಕದ ಮೆಮೊರಿಯ ಮೇಲೆ ಬೀಳುತ್ತದೆ. ಪಕ್ಕದಲ್ಲಿರುವುದು, ಫಂಕ್ಷನ್ ಮುಗಿದ ಮೇಲೆ ಪ್ರೊಸೆಸರ್ ಎಲ್ಲಿಗೆ ಮರಳಬೇಕೆಂಬ ವಿಳಾಸವಾಗಿದ್ದರೆ, ಅದನ್ನು ತನಗೆ ಬೇಕಾದಂತೆ ತಿದ್ದಿದ ದಾಳಿಕೋರನು ಯಂತ್ರವನ್ನೇ ತನ್ನ ಕೈಗೆ ತೆಗೆದುಕೊಳ್ಳಬಲ್ಲನು. ಬಿಡುಗಡೆ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟುವುದು ಇದರ ಇನ್ನೊಂದು ರೂಪ.

ಇಷ್ಟು ಹೇಳಿದ ಕೂಡಲೇ ಬರುವ ಮಾತು: ‘ಅದು ಭಾಷೆಯ ತಪ್ಪಲ್ಲ, ಬರೆದವನ ತಪ್ಪು, ಜಾಣ ಪ್ರೋಗ್ರಾಮರ್ ಉದ್ದವನ್ನು ಪರೀಕ್ಷಿಸಿಯೇ ಬರೆಯುತ್ತಾನೆ.’ ಹಾಗಾದರೆ ಆ ಜಾಣರು ಯಾರೆಂದು ನೋಡೋಣ. 1988ರ ನವೆಂಬರ್‌ನಲ್ಲಿ ಇಂಟರ್ನೆಟ್ಟನ್ನು ಕಂಗೆಡಿಸಿದ, ತಾನಾಗಿಯೇ ಹರಡುವ ಪ್ರೋಗ್ರಾಂ ಆದ ಮಾರಿಸ್ ವರ್ಮ್ ಒಳನುಗ್ಗಲು ಬಳಸಿದ ದಾರಿಗಳಲ್ಲೊಂದು, ಉದ್ದವನ್ನು ಕೇಳದೆಯೇ ಓದುವ ‘ಗೆಟ್ಸ್’ ಫಂಕ್ಷನ್. ಅದು ಬರ್ಕ್ಲಿಯ ಯುನಿಕ್ಸ್‌ನಲ್ಲಿತ್ತು, ಬರೆದವರು ಆಗಷ್ಟೇ ಕಲಿಯುತ್ತಿದ್ದವರಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವಿದ್ದದ್ದು ಓಪನ್ಎಸ್ಎಸ್ಎಲ್‌ನಲ್ಲಿ, ಅಂದರೆ ಸುರಕ್ಷತೆಗಾಗಿಯೇ ಇರುವ ಲೈಬ್ರರಿಯಲ್ಲಿ. ಕಳುಹಿಸಿದವನು ಹೇಳಿಕೊಂಡ ಉದ್ದವನ್ನು ನಿಜವಾಗಿ ಬಂದ ಉದ್ದದೊಂದಿಗೆ ಹೋಲಿಸುವ ಒಂದು ಪರೀಕ್ಷೆ ಬಿಟ್ಟುಹೋಗಿತ್ತು, ಅಷ್ಟೇ. ಪ್ರತಿ ಬಾರಿ ಕೇಳಿದಾಗಲೂ ಸರ್ವರ್ ತನ್ನ ಮೆಮೊರಿಯ 64 ಕಿಲೋಬೈಟ್‌ವರೆಗಿನ ಭಾಗವನ್ನು ಅಪರಿಚಿತನಿಗೆ ಒಪ್ಪಿಸುತ್ತಿತ್ತು. ಇನ್ನೊಬ್ಬರು ಪರಿಶೀಲಿಸಿದ ನಂತರವೇ ಸೇರಿದ ಆ ಕೋಡ್ ಎರಡು ವರ್ಷ ಹಾಗೆಯೇ ಇತ್ತು. ಲಿನಕ್ಸ್‌ನಲ್ಲಿ ಯಾರಿಗೆ ಯಾವ ಅಧಿಕಾರವೆಂದು ಕಾಯುವ ‘ಸುಡೋ’ದಲ್ಲಿ 2011ರಲ್ಲಿ ನುಸುಳಿದ ಇಂಥದೇ ದೋಷ ಹೊರಬಿದ್ದದ್ದು 2021ರ ಜನವರಿಯಲ್ಲಿ.

ಇವರೆಲ್ಲ ದಡ್ಡರೆನ್ನುವ ಧೈರ್ಯ ನನಗಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ, ತಾನು ಪ್ರತಿವರ್ಷ ಸರಿಪಡಿಸುವ ಸುರಕ್ಷತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಗೆ ಸಂಬಂಧಿಸಿದವು ಎಂದಿತು. ಕ್ರೋಮಿಯಂ ಬ್ರೌಸರಿನವರು 2020ರಲ್ಲಿ ತಮ್ಮ ಗಂಭೀರ ದೋಷಗಳನ್ನು ಎಣಿಸಿದಾಗಲೂ ಅದೇ ಅಂಕಿ ಸಿಕ್ಕಿತು. ಪ್ರತ್ಯೇಕ ಸುರಕ್ಷತಾ ತಂಡ, ಹಗಲಿರುಳು ಓಡುವ ಸ್ವಯಂಚಾಲಿತ ಪರೀಕ್ಷೆ, ದೋಷ ಹುಡುಕಿಕೊಟ್ಟವರಿಗೆ ಬಹುಮಾನ ಎಲ್ಲವೂ ಇರುವ ಸಂಸ್ಥೆಗಳ ಸ್ಥಿತಿ ಇದು. ಹಾಗಿರುವಾಗ ‘ನಾನು ಎಚ್ಚರಿಕೆಯಿಂದ ಬರೆಯುತ್ತೇನೆ’ ಎನ್ನುವವರು ಯಾವ ಎಚ್ಚರಿಕೆಯ ಮಾತಾಡುತ್ತಿದ್ದಾರೆಂಬುದು ನನಗೆ ಇನ್ನೂ ತಿಳಿದಿಲ್ಲ. ಲಕ್ಷಾಂತರ ಸಾಲುಗಳಲ್ಲಿ ಪ್ರತಿಯೊಂದು ಸಾಲೂ ಸರಿಯಿರಬೇಕು; ದಾಳಿಕೋರನಿಗೆ ಬೇಕಾದದ್ದು ಒಂದೇ ಒಂದು ತಪ್ಪು.

ರಸ್ಟ್ ಸರ್ವರೋಗನಿವಾರಕವೆಂದೂ ತಿಳಿಯಬೇಡಿ. 2021ರ ಡಿಸೆಂಬರ್‌ನಲ್ಲಿ ಜಗತ್ತನ್ನು ನಿದ್ದೆಗೆಡಿಸಿದ ಲಾಗ್‌ಫೋರ್‌ಶೆಲ್ ಎಂಬ ಸುರಕ್ಷತಾ ದೋಷ ಇದ್ದದ್ದು ಮೆಮೊರಿಯ ವಿಷಯದಲ್ಲಿ ಸುರಕ್ಷಿತವಾದ ಜಾವಾದಲ್ಲಿ.

ಇನ್ನು ಹಳೆಯ ಕೋಡಿನ ವಿಷಯ. ಆಂಡ್ರಾಯ್ಡ್ ತಂಡ ಹಳೆಯದನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟು, ಹೊಸ ಕೋಡನ್ನು ಹೆಚ್ಚುಹೆಚ್ಚಾಗಿ ಮೆಮೊರಿಯ ವಿಷಯದಲ್ಲಿ ಸುರಕ್ಷಿತವಾದ ರಸ್ಟ್, ಕೋಟ್ಲಿನ್, ಜಾವಾಗಳಲ್ಲಿ ಬರೆಯುತ್ತಾ ಬಂತು. 2019ರಲ್ಲಿ ಅದರ ಒಟ್ಟು ಸುರಕ್ಷತಾ ದೋಷಗಳಲ್ಲಿ 76 ಶೇಕಡಾ ಇದ್ದ ಮೆಮೊರಿ ದೋಷಗಳ ಪಾಲು 2024ಕ್ಕೆ 24ಕ್ಕೆ ಇಳಿಯಿತು. ಕಾರಣ ಸರಳ: ಇಂಥ ದೋಷಗಳು ಹೆಚ್ಚಾಗಿ ಇರುವುದು ಹೊಸ ಮತ್ತು ಇತ್ತೀಚೆಗೆ ತಿದ್ದಿದ ಕೋಡಿನಲ್ಲಿ, ಹಳೆಯದು ಬಳಕೆಯಲ್ಲಿ ಸೋಸಿಕೊಂಡು ಬಂದಿರುತ್ತದೆ. ಸುಡೋದ ಕಥೆ ಹೇಳಿದ ಬಾಯಲ್ಲೇ ಇದನ್ನು ಹೇಳುವುದು ವಿರೋಧಾಭಾಸವೆನಿಸಬಹುದು. ಒಟ್ಟಾರೆ ಪ್ರಮಾಣ ತಗ್ಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ಆದ್ದರಿಂದ ಅಪರಿಚಿತರಿಂದ ಬರುವ ಚಿತ್ರ, ವಿಡಿಯೊ, ಫಾಂಟ್, ನೆಟ್‌ವರ್ಕ್ ಸಂದೇಶಗಳನ್ನು ಬಿಡಿಸಿ ಓದುವ ಭಾಗಗಳನ್ನು ಮಾತ್ರ ಆಯ್ದು, ಮೊದಲು ಬದಲಾಯಿಸುವುದು ಜಾಣತನ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಹಾಗಾದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದಲ್ಲಿ ಸಿ ಕಲಿಸುವುದು ತಪ್ಪೇ? ನನ್ನ ದೃಷ್ಟಿಯಲ್ಲಿ ತಪ್ಪಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ 2022ರ ಡಿಸೆಂಬರ್‌ನಲ್ಲಿ ರಸ್ಟ್‌ಗೆ ಬಾಗಿಲು ತೆರೆದಿದ್ದರೂ ಅದರ ಬಹುಪಾಲು ಸಿಯಲ್ಲೇ ಇದೆ. ಅದನ್ನು ಓದಬಲ್ಲವರು ಇನ್ನೂ ಎಷ್ಟೋ ವರ್ಷ ಬೇಕು. ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಹಿಡಿದಿಡುವ ಚರ) ಏನೆಂದು ಕಂಡವರಿಗೆ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ರಸ್ಟ್‌ನ ಕಂಪೈಲರ್ ಏಕೆ ಅಷ್ಟು ಹಠ ಮಾಡುತ್ತದೆಂಬುದೂ ಬೇಗ ಅರ್ಥವಾಗುತ್ತದೆ. ತಪ್ಪಿರುವುದು ಕಲಿಸುವ ರೀತಿಯಲ್ಲಿ: 2011ರಲ್ಲೇ ಸಿ ಭಾಷೆಯ ಅಧಿಕೃತ ಮಾನಕದಿಂದ ಕಿತ್ತುಹಾಕಿದ ಗೆಟ್ಸ್ ಅನ್ನು ಟರ್ಬೊ ಸಿಯ ನೀಲಿ ಪರದೆಯಲ್ಲಿ ಬರೆಸಿ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವುದನ್ನು ಇನ್ನಾದರೂ ನಿಲ್ಲಿಸಬೇಕು. ಅದರ ಬದಲು ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಆಯ್ಕೆಯನ್ನು ಹಾಕಿ, ಅರೇಯ ಗಡಿ ದಾಟುವ ಒಂದು ಸಣ್ಣ ಪ್ರೋಗ್ರಾಂ ಓಡಿಸಿದರೆ, ಗಡಿ ಎಲ್ಲಿ ದಾಟಿತೆಂದು ಯಂತ್ರವೇ ವಿದ್ಯಾರ್ಥಿಗೆ ತೋರಿಸಿಕೊಡುತ್ತದೆ.